ಮೂರು ವರದಿಗಳು, ಒಂದು ಸುತ್ತು

1980ರ ಅಕ್ಟೋಬರ್ 27ರಂದು ಅಮೆರಿಕದ ಅರ್ಪಾನೆಟ್ ಹಲವು ಗಂಟೆ ಕಾಲ ಸ್ತಬ್ಧವಾಯಿತು. ಇಂದಿನ ಅಂತರಜಾಲದ ಹಿರಿಯಜ್ಜಿಯಂಥ ಆ ಜಾಲಕ್ಕೆ ಯಾರೂ ದಾಳಿ ಮಾಡಿರಲಿಲ್ಲ. ಒಂದು ಯಂತ್ರ ಕೆಟ್ಟಿತ್ತು. ಮಿಕ್ಕವೆಲ್ಲ ತಮಗೆ ಕಲಿಸಿದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವು.

ಆ ಕಾಲದ ರೌಟರ್‌ಗೆ ಐಎಂಪಿ ಎಂದು ಹೆಸರು. ತನಗೆ ಸೇರಿದ ಲೈನುಗಳು ಎಷ್ಟು ತಡ ಮಾಡುತ್ತಿವೆ ಎಂಬ ವರದಿಯನ್ನು ಪ್ರತಿ ಐಎಂಪಿ ನಿಮಿಷಕ್ಕೊಮ್ಮೆಯಾದರೂ ಕಳಿಸಬೇಕು. ಪಡೆದವು ಅದನ್ನು ನೆರೆಯವಕ್ಕೆ ದಾಟಿಸಬೇಕು, ಹಳತಾಗಿದ್ದರೆ ಬಿಸಾಡಬೇಕು. ಹಳತು ಹೊಸತು ತಿಳಿಯಲೆಂದೇ ಪ್ರತಿ ವರದಿಗೂ ಒಂದು ಕ್ರಮಸಂಖ್ಯೆ.

ಆ ಸಂಖ್ಯೆಗೆ ಸಿಕ್ಕ ಜಾಗ ಆರೇ ಬಿಟ್. ಸೊನ್ನೆಯಿಂದ 63ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳಬೇಕು. ಹೀಗೆ ಸುತ್ತುವ ಎಣಿಕೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ಐಎಂಪಿಗಳಿಗೆ ಹೇಳಿಕೊಟ್ಟ ಉಪಾಯ ಇದು: ಒಂದು ಸಂಖ್ಯೆಯಿಂದ ಮುಂದಕ್ಕೆ ಎಣಿಸುವಾಗ ಅರ್ಧ ಸುತ್ತಿನೊಳಗೆ, ಅಂದರೆ 32 ಹೆಜ್ಜೆಗೆ ಮೊದಲೇ, ಇನ್ನೊಂದು ಸಿಕ್ಕರೆ ಅದೇ ಹೊಸದು. ಅಂತರ ಸರಿಯಾಗಿ 32 ಇದ್ದರೆ ದೊಡ್ಡ ಸಂಖ್ಯೆಯೇ ಹೊಸದು.

ಅಂದು 29ನೇ ಐಎಂಪಿಯ ಹಾರ್ಡ್‌ವೇರ್ ದೋಷದಿಂದ ಬಿಟ್‌ಗಳು ಉದುರುತ್ತಿದ್ದವು. ಲೈನಿನಲ್ಲಿ ಸಾಗುವಾಗ ಸಂದೇಶ ಕೆಟ್ಟರೆ ಹಿಡಿಯುವ ವ್ಯವಸ್ಥೆ ಇತ್ತು. ಯಂತ್ರದೊಳಗೆ ಕೂತಾಗ ಕೆಟ್ಟದ್ದು ಅದರ ಕಣ್ಣಿಗೆ ಬೀಳಲಿಲ್ಲ. ನೆರೆಯ 50ನೇ ಐಎಂಪಿಯ ಹೆಸರಿನಲ್ಲಿ ಮೂರು ವರದಿಗಳು ಜಾಲವಿಡೀ ಹಬ್ಬಿದವು. ಅವುಗಳ ಸಂಖ್ಯೆ 44, 40 ಮತ್ತು 8. ಬೈನರಿಯಲ್ಲಿ 44 ಎಂದರೆ 101100. ಒಂದು 1 ಉದುರಿದರೆ 101000, ಅದು 40. ಇನ್ನೊಂದು ಉದುರಿದರೆ 001000, ಅದು 8.

ಈಗ ನಿಯಮ ಹಚ್ಚಿ ನೋಡಿ. 8ಕ್ಕಿಂತ 40 ಹೊಸದು. 40ಕ್ಕಿಂತ 44 ಹೊಸದು. 44ಕ್ಕಿಂತ 8 ಹೊಸದು!

ಮೂರೂ ಒಂದರ ಹಿಂದೊಂದು ಸುತ್ತತೊಡಗಿದವು. ಪ್ರತಿ ಐಎಂಪಿಯೂ ಪ್ರತಿ ಸಲವೂ ಹೊಸ ಸುದ್ದಿ ಬಂತೆಂದು ನಂಬಿ ನೆರೆಯವಕ್ಕೆಲ್ಲ ಹಂಚಿತು. ಇಂಥ ವರದಿಗಳಿಗೆ ಆದ್ಯತೆ ಹೆಚ್ಚು. ಬಳಕೆದಾರರ ಮಾಹಿತಿಗೆ ಸರದಿಯೇ ಬರಲಿಲ್ಲ. ಒಂದು ಯಂತ್ರವನ್ನು ಆಫ್ ಮಾಡಿ ಆನ್ ಮಾಡಿದರೂ ಫಲವಿಲ್ಲ, ಪಕ್ಕದವು ಅದೇ ಮೂರನ್ನು ಮತ್ತೆ ತಂದು ಸುರಿಯುತ್ತವೆ. ಕೊನೆಗೆ, 50ನೆಯದರ ವರದಿಗಳನ್ನು ಕಡೆಗಣಿಸುವಂತೆ ತಂತ್ರಾಂಶಕ್ಕೆ ತೇಪೆ ಹಾಕಿ ಎಲ್ಲ ಐಎಂಪಿಗಳಿಗೂ ತುಂಬಬೇಕಾಯಿತು.

ಬಿಬಿಎನ್ ಕಂಪನಿಯ ಎರಿಕ್ ರೋಸೆನ್ 1981ರಲ್ಲಿ ಆರ್‌ಎಫ್‌ಸಿ 789 ಎಂಬ ದಾಖಲೆಯಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಜಾಲ ಕಟ್ಟುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿರಲಾರದು. ಗಣಕ ವಿಜ್ಞಾನಿ ರೇಡಿಯಾ ಪರ್ಲ್‌ಮನ್ 1983ರಲ್ಲಿ, ಇಂಥ ಪೆಟ್ಟಿನಿಂದ ಜಾಲ ತಾನಾಗಿಯೇ ಚೇತರಿಸಿಕೊಳ್ಳುವ ವಿಧಾನ ಸೂಚಿಸಿದರು. ರೌಟರ್‌ಗಳು ಇಂಥ ವರದಿ ಹಂಚಲು ಇಂದು ವ್ಯಾಪಕವಾಗಿ ಬಳಸುವ ಓಎಸ್‌ಪಿಎಫ್ ಎಂಬ ನಿಯಮಾವಳಿಯಲ್ಲಿ ಕ್ರಮಸಂಖ್ಯೆಗೆ 32 ಬಿಟ್; ಅದು ಸುತ್ತುವುದಿಲ್ಲ, ನೇರ ಏರುತ್ತದೆ. ಪ್ರತಿ ವರದಿಗೂ ವಯಸ್ಸುಂಟು. ನವೀಕರಿಸದಿದ್ದರೆ ಒಂದು ಗಂಟೆಗೆ ಅದರ ಆಯುಷ್ಯ ಮುಗಿಯುತ್ತದೆ.

ಆದರೂ 1980ರ ಆ ದೋಷಕ್ಕೆ ನೆಂಟರಂಥ ದೋಷಗಳು ಉಳಿದವು. 2010ರ ಆಗಸ್ಟ್ 27ರಂದು ಯುರೋಪಿನ ಅಂತರಜಾಲ ವಿಳಾಸ ನೋಂದಣಿ ಸಂಸ್ಥೆ ರೈಪ್ ಎನ್‌ಸಿಸಿ ಮತ್ತು ಡ್ಯೂಕ್ ವಿಶ್ವವಿದ್ಯಾಲಯದವರು ಪ್ರಯೋಗಕ್ಕೆಂದು, ನಿಯಮಕ್ಕೆ ಒಪ್ಪುವ ಆದರೆ ಅಪರೂಪದ, ಒಂದು ಬಿಜಿಪಿ ಸಂದೇಶ (ಜಾಲಗಳು ಪರಸ್ಪರ ಮಾರ್ಗ ತಿಳಿಸುವ ನಿಯಮಾವಳಿಯದು) ಹೊರಬಿಟ್ಟರು. ಸಿಸ್ಕೋದ ಕೆಲವು ರೌಟರ್‌ಗಳು ಅದನ್ನು ಕೆಡಿಸಿ ಮುಂದೆ ದಾಟಿಸಿದವು. ಪಡೆದ ನೆರೆಯ ರೌಟರ್‌ಗಳು ಅಂದಿನ ನಿಯಮದಂತೆ ಸಂಪರ್ಕವನ್ನೇ ಕಡಿದುಕೊಂಡವು. 2015ರ ಆರ್‌ಎಫ್‌ಸಿ 7606 ಈ ನಿಯಮವನ್ನು ಸಡಿಲಿಸಿತು: ಇಂಥ ಬಹುತೇಕ ದೋಷಗಳಲ್ಲಿ ಸಂಪರ್ಕ ಉಳಿಸಿಕೊಂಡು, ಆ ಸಂದೇಶದಲ್ಲಿರುವ ಮಾರ್ಗಗಳನ್ನಷ್ಟೇ ಕೈಬಿಟ್ಟರೆ ಸಾಕು.