37 ಅಂದರೆ 30
ಎಷ್ಟೋ ಹೊಸ ಡಿಸೈನರ್‌ಗಳಿಗೆ ಬಳಕೆದಾರರ ಮಾತಲ್ಲಿ ತಮ್ಮ ಐಡಿಯಾಗೆ ಒಪ್ಪುವುದಷ್ಟೇ ಕೇಳಿಸುತ್ತೆ. ಎಲ್ಲರಿಗೂ ಹಾಗಲ್ಲ.

2007. ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿಗೆ ಸಿಕ್ಕ ಕೆಲಸ, ಅಗ್ಗದ ಇನ್‌ಕ್ಯುಬೇಟರ್. ನೇಪಾಳಕ್ಕೆ ಹೋಗಿ ನೋಡಿದರೆ ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳೇ ಖಾಲಿ! ಕಂದಮ್ಮಗಳು ಸಾಯ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ಹಿಡಿದ ದಾರಿ ಬಿಟ್ಟರು. ಮಗುವನ್ನು ತಾಸುಗಟ್ಟಲೆ ಬೆಚ್ಚಗಿಡುವ ಪುಟ್ಟ ಚೀಲ ಮಾಡಿದರು. ಅದೇ 'ಎಂಬ್ರೇಸ್'. ಮುಂದೆ ತಂಡ ನಮ್ಮ ಬೆಂಗಳೂರಿಗೇ ಬಂತು.

ನನಗೆ ತುಂಬಾ ಹಿಡಿಸಿದ್ದು ಇದು. ಮಹಾರಾಷ್ಟ್ರದ ಹಳ್ಳಿಯೊಂದರಲ್ಲಿ, ಚೀಲವನ್ನು 37 ಡಿಗ್ರಿಗೆ ಕಾಯಿಸಿ ಅಂದರೆ, ಒಬ್ಬ ತಾಯಿ 30ಕ್ಕೇ ನಿಲ್ಲಿಸ್ತೀನಿ ಅಂದಳು. ಯಾಕಂದ್ರೆ ಇಂಗ್ಲಿಷ್ ಔಷಧ ಬಲು ಜೋರಲ್ವಾ? ಡಾಕ್ಟರು ಒಂದು ಚಮಚ ಅಂದರೆ ಅವಳು ಮಗುವಿಗೆ ಕೊಡೋದು ಅರ್ಧವೇ.

ಅವಳಿಗೆ ಯಾರೂ ಪಾಠ ಹೇಳಲಿಲ್ಲ. ತಂಡದವರು ಡಿಗ್ರಿಯ ಅಂಕಿಗಳನ್ನೇ ತೆಗೆದು, 'ಓಕೆ', 'ನಾಟ್ ಓಕೆ' ಅಂತಷ್ಟೇ ಇಟ್ಟರು.