‘ತಿಂದು ನೋಡು’ ಅನ್ನಬಲ್ಲವರಿಗೆ ಜಪಾನಿ ದೂರವೇ?

ಅಮೆರಿಕದ ವಿದೇಶಾಂಗ ಇಲಾಖೆ ತನ್ನ ರಾಜತಾಂತ್ರಿಕರಿಗಾಗಿ ಒಂದು ಭಾಷಾ ಶಾಲೆಯನ್ನೇ ನಡೆಸುತ್ತದೆ. ಇಂಗ್ಲಿಷಿನವರಿಗೆ ಯಾವ ಭಾಷೆ ಎಷ್ಟು ಕಷ್ಟ ಎಂಬ ಪಟ್ಟಿ ಅವರ ಬಳಿ ಇದೆ. ಜಪಾನಿಗೆ ಅದರಲ್ಲಿ ಕಟ್ಟಕಡೆಯ ಸಾಲು: 88 ವಾರ, 2200 ಗಂಟೆ ಪಾಠ! ಯಾಕಪ್ಪಾ ಇಷ್ಟು ಎಂದು ಇಂಗ್ಲಿಷಿನವರಿಗಾಗಿ ಬರೆದ ಪುಸ್ತಕ ತೆರೆದರೆ ಅಳಲು ಶುರು. ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದಂತೆ. ವಿಭಕ್ತಿ ನಾಮಪದದ ಬೆನ್ನಿಗೆ ಅಂಟುತ್ತದಂತೆ. ‘ನಾನು’, ‘ನೀನು’ ಬಿಟ್ಟುಬಿಟ್ಟರೂ ಮಾತು ನಡೆಯುತ್ತದಂತೆ. ರೀ, ಇದು ನಮ್ಮ ಮನೆಯ ಮಾತಲ್ಲವೇನ್ರೀ!

ತಬೆರು ಅಂದರೆ ತಿನ್ನು. ಮಿರು ಅಂದರೆ ನೋಡು. ಹಾಗಾದರೆ ‘ತಬೆತೆ ಮಿರು’? ತಿಂದು ನೋಡು! ರುಚಿ ನೋಡುವುದಕ್ಕೂ ಕಣ್ಣಿಗೂ ಏನು ಸಂಬಂಧ ಎಂದು ಇಂಗ್ಲಿಷಿನವರು ತಲೆ ಕೆರೆದುಕೊಳ್ಳುವ ಜಾಗದಲ್ಲಿ ಕನ್ನಡಿಗರಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ. ‘ತಬೆತೆ ಶಿಮತ್ತ’ ಅಂದರೆ ತಿಂದುಬಿಟ್ಟೆ. ಆ ‘ಬಿಟ್ಟೆ’ಯಲ್ಲಿರುವ ಮುಗಿಯಿತಲ್ಲಾ ಎಂಬ ಭಾವ, ಚೂರು ಪೇಚಾಟ, ಎಲ್ಲವೂ ಹಾಗೆಹಾಗೇ ಅಲ್ಲಿದೆ. ‘ಕಿನೋ ಕತ್ತ ಹೊನ್’ ಎಂಬುದು ನಿನ್ನೆ ಕೊಂಡ ಪುಸ್ತಕ. ಮೂರು ಪದಕ್ಕೆ ಮೂರು ಪದ, ಅದೇ ಸಾಲಿನಲ್ಲಿ. ‘ತನಕಾ ತೊ ಯೂ ಹಿತೊ’ ತನಕಾ ಎಂಬ ವ್ಯಕ್ತಿ.

ಇನ್ನೊಂದು ನೋಡಿ, ಇದಂತೂ ನನಗೆ ಮೈ ಜುಮ್ಮೆನಿಸಿತು. ‘ವತಶಿ’ ನಾನು, ‘ವತಶಿ ಮೊ’ ನಾನೂ. ‘ದರೆ’ ಯಾರು, ‘ದರೆ ಕ’ ಯಾರೋ. ಸರಿ, ‘ದರೆ ಮೊ ಇನಾಯ್’? ಯಾರೂ ಇಲ್ಲ! ‘ನಾನೂ’ ಎನ್ನುವಾಗ ಬರುವ ಆ ‘ಊ’ ‘ಯಾರೂ ಇಲ್ಲ’ದಲ್ಲೂ ಬರುತ್ತದೆ ಎಂಬುದನ್ನು ಹುಟ್ಟಿದಾರಭ್ಯ ಕನ್ನಡ ಆಡುತ್ತಿರುವ ನಾನು ಗಮನಿಸಿಯೇ ಇರಲಿಲ್ಲ. ತೋರಿಸಿಕೊಡಲು ಜಪಾನಿ ಬರಬೇಕಾಯಿತು.

ಹಾಗಾದರೆ ನೆಂಟಸ್ತಿಕೆ ಇದೆಯೇ? ಜಪಾನಿನ ವಿದ್ವಾಂಸ ಸುಸುಮು ಓನೊ ತಮ್ಮ ಭಾಷೆಯನ್ನು ತಮಿಳಿನ ಜೊತೆ ಬೆಸೆಯಲು ವರ್ಷಗಟ್ಟಲೆ ದುಡಿದರು; ಭಾಷಾವಿಜ್ಞಾನಿಗಳಲ್ಲಿ ಬಹುಪಾಲು ಮಂದಿ ಒಪ್ಪಲಿಲ್ಲ. ಜಪಾನಿಯಲ್ಲೂ ‘ಇರು’ ಎಂಬ ಕ್ರಿಯಾಪದ ಇದೆ, ಅದರ ಅರ್ಥವೂ ಇರುವುದು ಎಂದೇ, ಆದರೆ ಅದು ಬರೀ ಕಾಕತಾಳೀಯ. ಮೇಲಾಗಿ ಅದು ಜೀವ ಇರುವವಕ್ಕೆ ಮಾತ್ರ. ಮೇಜಿನ ಕೆಳಗೆ ಬೆಕ್ಕು ‘ಇರು’, ಮೇಜಿನ ಮೇಲೆ ಪುಸ್ತಕ ‘ಅರು’. ರಕ್ತಸಂಬಂಧವೇ ಇಲ್ಲದ ಎರಡು ಭಾಷೆಗಳು ಇಷ್ಟು ಹೋಲುತ್ತವಲ್ಲ, ನನಗೆ ಅದೇ ಹೆಚ್ಚಿನ ಸೋಜಿಗ.

ಗೊಂದಲದ ಪದಗಳ ಕಥೆಗೆ ಬನ್ನಿ. ‘ಶುಜಿನ್’ ಎಂದರೆ ಗಂಡ. ‘ಶೂಜಿನ್’ ಎಂದರೆ ಕೈದಿ. (ವ್ಯತ್ಯಾಸ ಅಷ್ಟೇನಿಲ್ಲ ಎಂದು ನಗುವವರು ನಗಲಿ.) ‘ಒಬಸಾನ್’ ಅತ್ತೆಯೋ ಚಿಕ್ಕಮ್ಮನೋ, ‘ಒಬಾಸಾನ್’ ಅಜ್ಜಿ. ‘ಕಿತೆ’ ಅಂದರೆ ಬಾ, ‘ಕಿತ್ತೆ’ ಅಂಚೆಚೀಟಿ, ‘ಕೀತೆ’ ಕೇಳು. ಇಂಗ್ಲಿಷ್ ಕಿವಿಗೆ ಮೂರೂ ಒಂದೇ. ಬಳಿ, ಬಾಳಿ, ಬಳ್ಳಿ ಬೇರೆ ಮಾಡಿ ಕೇಳುವ ನಮಗೆ ಹ್ರಸ್ವ, ದೀರ್ಘ, ಒತ್ತು ಬಾಲವಾಡಿಯಲ್ಲೇ ಮುಗಿದಿರುತ್ತವೆ.

ಹಾಗೆಂದು ಎಲ್ಲ ಸಲೀಸಲ್ಲ. ‘ಜೋ ವ ಹನ ಗ ನಗಾಯ್.’ ಆನೆಗೆ ಸೊಂಡಿಲು ಉದ್ದ. ಜಪಾನಿ ವ್ಯಾಕರಣದಲ್ಲಿ ಇದಕ್ಕಿಂತ ಪ್ರಸಿದ್ಧ ವಾಕ್ಯ ಇರಲಾರದು. ‘ಜೋ’ ಆನೆ, ‘ಹನ’ ಮೂಗು. ಕರ್ತೃಪದ ಯಾವುದು, ‘ವ’ ಹಚ್ಚಿಕೊಂಡ ಆನೆಯೋ ‘ಗ’ ಹಚ್ಚಿಕೊಂಡ ಮೂಗೋ? ಗಣಿತದ ಮೇಷ್ಟ್ರಾಗಿದ್ದ ಅಕಿರಾ ಮಿಕಾಮಿ 1960ರಲ್ಲಿ ಇದೇ ವಾಕ್ಯವನ್ನು ಹೆಸರಾಗಿಟ್ಟು ಒಂದು ಪುಸ್ತಕ ಬರೆದರು. ಕರ್ತೃಪದ ಎಂಬ ಪಶ್ಚಿಮದ ಪರಿಭಾಷೆಯೇ ಜಪಾನಿಗೆ ಬೇಡ, ಕಿತ್ತುಹಾಕಿ ಎಂಬುದು ಅವರ ವಾದ. ‘ವ’ ಮಾತಿನ ವಿಷಯ ಯಾವುದೆಂದು ಮೊದಲು ಹೇಳುತ್ತದೆ, ಆನೆಯ ಸಂಗತಿಗೆ ಬಂದರೆ ಎಂಬ ಹಾಗೆ. ಆಮೇಲಿನದು ‘ಗ’ದ ಕೆಲಸ. ಕೇಳಿದರೆ ಸುಲಭ. ಮಾತಾಡುವಾಗ ಯಾವುದನ್ನು ಎಲ್ಲಿ ಹಚ್ಚುವುದು ಎಂಬಲ್ಲಿ ಇಂಗ್ಲಿಷಿನವರೂ ನಾವೂ ಒಂದೇ ಬೆಂಚಿನವರು.

‘ಕೊಡು’ ಎಂಬುದಕ್ಕೂ ಅಲ್ಲಿ ದಿಕ್ಕಿದೆ. ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಬೇರೆಯವರು ನನಗೆ ಕೊಟ್ಟರೆ ‘ಕುರೆರು’. ನಮ್ಮದು ಎರಡಕ್ಕೂ ಒಂದೇ ‘ಕೊಡು’. ಆದರೆ ಪಕ್ಕದ ಮಲಯಾಳಿಗಳನ್ನು ಕೇಳಿ ನೋಡಿ: ನನಗೆ, ನಿನಗೆ ಆದರೆ ‘ತರು’, ಮೂರನೆಯವರಿಗೆ ಆದರೆ ‘ಕೊಡು’!

ಕೊನೆಯದನ್ನು ಕೇಳಿ. ಜಪಾನಿ ನಿಘಂಟಿನ ಅಕ್ಷರಕ್ರಮ ಹೀಗಿದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯೇ? ನಮ್ಮ ವರ್ಣಮಾಲೆಯೇ! ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತರು, ಅದರ ಹಿಂದೆ ಭಾರತದ ಧ್ವನಿಶಾಸ್ತ್ರವೂ ಹೋಯಿತು, ಜಪಾನಿನ ಅಕ್ಷರಗಳು ಅದರಂತೆ ಸಾಲುಗಟ್ಟಿದವು. ಆದರೆ ನ, ಮಗಳ ನಡುವೆ ಪ ಬರಬೇಕಾದ ಕಡೆ ಹ ಯಾಕೆ ಕೂತಿದೆ? ಹಿಂದೆ ಅದು ಪಕಾರವೇ ಆಗಿತ್ತು. ಕಾಲಾಂತರದಲ್ಲಿ ಜಪಾನಿನವರ ನಾಲಿಗೆಯ ಮೇಲೆ ಪ ಸಡಿಲವಾಗಿ ಹ ಆಯಿತು. ‘ಹನ’ ಎಂಬ ಉಚ್ಚಾರಕ್ಕೆ ಮೂಗಲ್ಲದೆ ಇನ್ನೊಂದು ಅರ್ಥವೂ ಇದೆ: ಹೂವು. ಹಳೆಯ ಜಪಾನಿಯಲ್ಲಿ ಆ ಹೂವು ‘ಪನ’. ಹಳಗನ್ನಡದಲ್ಲಿ ನಮ್ಮ ಹೂವು ‘ಪೂ’.