ನಿಷೇಧದ ಮರುದಿನ ಏನಾಗುತ್ತದೆ?

ಬೆಂಗಳೂರಿನ ರಾಜಾಜಿನಗರಕ್ಕೆ ಯಾರ ಹೆಸರಿದೆಯೋ ಆ ಸಿ. ರಾಜಗೋಪಾಲಾಚಾರಿ ಮದ್ಯದ ವಿಷಯದಲ್ಲಿ ರಾಜಿಯಿಲ್ಲದ ಮನುಷ್ಯ. ಮದ್ರಾಸ್ ಪ್ರಾಂತ್ಯದ ಸರ್ಕಾರ ನಡೆಸುತ್ತಿದ್ದಾಗ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಖೋತಾ ತುಂಬಿಕೊಳ್ಳಲು ಮಾರಾಟ ತೆರಿಗೆ ಹಾಕಿದರು. ಅವರ ಹೆಸರಿನ ಬಡಾವಣೆಯಿರುವ ಕರ್ನಾಟಕದ ಬಜೆಟ್ 2025–26ಕ್ಕೆ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಒಂದೋ ಪೂರ್ತಿ ಮುಚ್ಚಬೇಕು, ಇಲ್ಲವೇ ಮಾರಿ ಬೊಕ್ಕಸ ತುಂಬಿಸಬೇಕು ಎಂಬ ಈ ಎರಡು ತುದಿಗಳ ನಡುವೆಯೇ ನಮ್ಮ ಚರ್ಚೆ ಓಲಾಡುತ್ತಿದೆ. ಚಟಕ್ಕೆ ಬಿದ್ದ ಮನುಷ್ಯನಿಗೆ ನಾಳೆ ಬೆಳಿಗ್ಗೆ ಏನಾಗುತ್ತದೆ ಎಂಬ ಪ್ರಶ್ನೆ ಎರಡೂ ಕಡೆಯವರ ಬಾಯಲ್ಲಿ ಬರುವುದು ಅಪರೂಪ. ಮದ್ಯವಾಗಲಿ ಮಾದಕವಸ್ತುವಾಗಲಿ, ಯಾವ ನೀತಿಯನ್ನೂ ಅಳೆಯಬೇಕಾದದ್ದು ಈ ಪ್ರಶ್ನೆಯಿಂದಲೇ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ದಿನಗೂಲಿಯೆಲ್ಲ ಪ್ಯಾಕೆಟ್ಟಿಗೇ ಹೋಗುತ್ತಿದ್ದ ಮನೆಗಳ ಹೆಂಗಸರ ನೋವು ಅದರ ಹಿಂದಿತ್ತು. ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಹೊರವಲಯ, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕೊಂದದ್ದು ಮೆಥನಾಲ್. ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ, ಆ ಆಮ್ಲ ಕಣ್ಣಿನ ನರವನ್ನು ಸುಡುತ್ತದೆ. ಬದುಕಿ ಉಳಿದವನೂ ಕುರುಡನಾಗಬಹುದು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದಾಗ ಸಾರಾಯಿ ನಿಷೇಧ ಇರಲಿಲ್ಲ ಎಂದು ಯಾರಾದರೂ ನೆನಪಿಸಿದರೆ, ಆ ಮಾತು ಸರಿ. ನಿಷೇಧವೊಂದೇ ಕೊಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. ಮೈಗೆ ಹತ್ತಿದ ಚಟ ಕೈಗೆಟಕುವ ಅಗ್ಗದ ವಸ್ತುವಿನ ಕಡೆ ಹರಿಯುತ್ತದೆ. ಸಾರಾಯಿ ಅಂಗಡಿ ಮುಚ್ಚುವಾಗ ಆ ಮೈಗೆ ಔಷಧಿ ಕೊಡುವ ಏರ್ಪಾಡನ್ನು ಯಾರೂ ಮಾಡಲಿಲ್ಲ.

ಮೈಗೆ ಎಂದದ್ದು ಬೇಕೆಂದೇ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗಲು ಶುರುವಾಗುತ್ತದೆ. ಲೇತ್ ಮುಂದೆ ನಿಲ್ಲುವ ಕಾರ್ಮಿಕನಿಗೆ ಬೆಳಗಿನ ಆ ನಡುಕ ನಿಲ್ಲಿಸಲು ‘ನೈಂಟಿ’ಯೇ ಮದ್ದಾಗಿಬಿಟ್ಟಿರುತ್ತದೆ. ಅದೂ ಸಿಗದಿದ್ದರೆ ಬೆವರು, ಫಿಟ್ಸ್. ಎರಡು ಮೂರು ದಿನಗಳಲ್ಲಿ ಕೆಲವರಿಗೆ ಸನ್ನಿ ಹಿಡಿದು, ಇಲ್ಲದವರು ಕಾಣಿಸಿ, ಜೀವಕ್ಕೇ ಎರವಾಗಬಹುದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ದಿಢೀರನೆ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ತೀವ್ರ ಸ್ಥಿತಿಯಲ್ಲಿ ಬಂದವರು ಹೆಚ್ಚಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ವೈದ್ಯರ ಕಣ್ಣಳತೆಯಲ್ಲಿ ಮಾತ್ರೆ ಮತ್ತು ಥಯಾಮಿನ್ ಕೊಟ್ಟು ಬಿಡಿಸಿದರೆ ಇದೇ ಕೆಲವು ದಿನಗಳು ಸುರಕ್ಷಿತವಾಗಿ ಕಳೆಯುತ್ತವೆ. ಇಚ್ಛಾಶಕ್ತಿ ಇದ್ದರೆ ಸಾಕು ಎಂದು ಬುದ್ಧಿ ಹೇಳುವವರು ಈ ಒಂದು ಸಂಗತಿಯನ್ನಾದರೂ ಗಮನಕ್ಕೆ ತಂದುಕೊಳ್ಳಬೇಕು.

ಗಾಂಜಾ, ಮಾತ್ರೆ, ಇಂಜೆಕ್ಷನ್ನಿನ ಮಾತು ಬಂದರೆ ನಮ್ಮ ಕಣ್ಣು ಪೊಲೀಸರು ಮೇಜಿನ ಮೇಲೆ ಜೋಡಿಸಿಟ್ಟ ಪೊಟ್ಟಣಗಳ ಫೋಟೊಗೆ ಅಂಟಿಕೊಳ್ಳುತ್ತದೆ. ಮಾರುವವರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಳಸುವ ಹುಡುಗನ ಕತೆ ಬೇರೆ. ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಯನ್ನು ಪುಡಿಮಾಡಿ ಚುಚ್ಚಿಕೊಳ್ಳುವವರು ಒಂದೇ ಸಿರಿಂಜನ್ನು ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಒಟ್ಟಿಗೇ ಹರಡುತ್ತವೆ. ಹೊಸ ಸಿರಿಂಜು ಕೊಡುವುದು, ಬ್ಯುಪ್ರೆನಾರ್ಫಿನ್ ಮಾತ್ರೆಯಿಂದ ಚಟವನ್ನು ಹತೋಟಿಗೆ ತರುವುದು ಎರಡೂ ಭಾರತ ಸರ್ಕಾರದ್ದೇ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿವೆ. ಇನ್ನು 1985ರ ಎನ್‌ಡಿಪಿಎಸ್ ಕಾಯ್ದೆ ಕಠಿಣವಾದದ್ದೇ; ಆದರೂ ಅದರ 64ಎ ಕಲಮಿನ ಪ್ರಕಾರ, ಸೇವಿಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಸಿಗುತ್ತದೆ. ಮಗನ ಚೀಲದಲ್ಲಿ ಪೊಟ್ಟಣ ಕಂಡು ಗಾಬರಿಯಾದ ಎಷ್ಟು ತಂದೆತಾಯಂದಿರಿಗೆ ಇದನ್ನು ಯಾರಾದರೂ ಹೇಳಿದ್ದಾರೆ?

ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ ಯಾವುದಾದರೂ ಚಿಕಿತ್ಸೆ ಪಡೆದವರು 38ಕ್ಕೆ ಒಬ್ಬರು. ನಿಮ್ಹಾನ್ಸ್‌ನಂಥ ಸಂಸ್ಥೆ ಊರಿನಲ್ಲೇ ಇದ್ದರೂ ಹೊಸೂರು ರಸ್ತೆಯ ಅದರ ಬಾಗಿಲಿಗೆ ಕೆಂಗೇರಿಯಿಂದ ಹೋಗಿಬಂದರೆ ಒಂದು ದಿನದ ಸಂಬಳ ಹೋಯಿತು. ಆದರೆ ಪೀಣ್ಯ, ಕಾಮಾಕ್ಷಿಪಾಳ್ಯದ ಎಷ್ಟೋ ಕಾರ್ಮಿಕರು ಜ್ವರಕ್ಕೂ ಮುರಿದ ಬೆರಳಿಗೂ ಹೋಗುವುದು ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ. ಹೊಟ್ಟೆಯುರಿ ಎಂದು ಬಂದವನಿಗೆ ಕುಡಿತದ ಬಗ್ಗೆ ಕೆಲವು ಪ್ರಶ್ನೆ ಕೇಳುವ ಪದ್ಧತಿ ಇಂಥ ಕಡೆ, ವಿಜಯನಗರ ಬಸವೇಶ್ವರನಗರಗಳ ಆರೋಗ್ಯ ಕೇಂದ್ರಗಳಲ್ಲಿ, ರಕ್ತದೊತ್ತಡ ನೋಡುವಷ್ಟೇ ಮಾಮೂಲಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಹತ್ತು ಪ್ರಶ್ನೆಗಳ ಪಟ್ಟಿ ಮಾಡಿಕೊಟ್ಟಿದೆ.

ಹೀಗೆ ಮಾಡಿದರೆ ಕುಡುಕರಿಗೆ, ನಶೆಕೋರರಿಗೆ ಸಲಿಗೆ ಕೊಟ್ಟಂತಲ್ಲವೇ ಎಂಬ ಆಕ್ಷೇಪ ಬರುತ್ತದೆ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯನ್ನು ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆದು ಚಿಕಿತ್ಸೆಗೆ ಒತ್ತು ಕೊಟ್ಟಾಗಲೂ ಇದೇ ಭಯವಿತ್ತು. ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ ಹೊಸ ಎಚ್‌ಐವಿ ಪ್ರಕರಣಗಳು ಅಲ್ಲಿ ಮುಂದೆ ಭಾರಿ ಪ್ರಮಾಣದಲ್ಲಿ ಇಳಿದವು. ಇನ್ನೊಂದು ಆಕ್ಷೇಪ ನಮ್ಮ ಹೆಂಗಸರದ್ದು, ಇದು ಹೆಚ್ಚು ತೂಕದ್ದು: ಹೊಡೆತ ತಿನ್ನುವವರು ನಾವು, ಕರುಣೆ ಅವನಿಗೇಕೆ? ಅವಳಿಗೆ ರಕ್ಷಣೆ ಮೊದಲು ಸಿಗಬೇಕು, ಚಿಕಿತ್ಸೆ ಅದಕ್ಕೆ ಬದಲಿಯಲ್ಲ. ಆದರೆ ಜೈಲಿಂದಲೋ ಶಿಬಿರದಿಂದಲೋ ಅವನು ತಿರುಗಿ ಬರುವುದು ಅದೇ ಮನೆಗೆ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳುವುದು ಈ ಕಾರಣಕ್ಕೇ. 40,000 ಕೋಟಿಯಲ್ಲಿ ಸಣ್ಣದೊಂದು ಪಾಲನ್ನು ಕಾನೂನಿನ ಮೂಲಕವೇ ಚಿಕಿತ್ಸೆಗೂ ಈ ಮನೆಗಳಿಗೂ ಮೀಸಲಿಡಲಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಮದ್ಯದಂಗಡಿಯ ದರಪಟ್ಟಿಯ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಬರೆಸಲು ಅಬಕಾರಿ ಇಲಾಖೆಗೆ ಒಂದು ಆದೇಶ ಸಾಕು.